ತಲೆಗೊಂದು ಬಿಡಿಭಾಗ

ಯಾರು ಏನು ತರಬೇಕೆಂದು ಹಂಚುವ ಕೆಲಸದಲ್ಲಿ ಮಿರ್ನಾಳನ್ನು ಮೀರಿಸುವವರು ಸರೋವರದ ದಡದ ಡುಲುತ್ ಊರಿನ ಆ ಗುಡ್ಡದ ಬೀದಿಯಲ್ಲಿ ಯಾರೂ ಇರಲಿಲ್ಲ. ಚರ್ಚಿನ ನೆಲಮಾಳಿಗೆಯ ಊಟವಿರಲಿ, ಸತ್ತವರ ಮನೆಯ ಊಟವಿರಲಿ, ನೀನು ಸಲಾಡು, ನೀನು ಬನ್ನು, ನೀನು ಸಿಹಿ ಎಂದು ಅವಳು ಫೋನಿನಲ್ಲಿ ಹೇಳಿ ಮುಗಿಸಿದರೆ ಮುಗಿಯಿತು, ಅದನ್ನು ತಿದ್ದುವವರಿಲ್ಲ. ಆದರೆ ಯಾವ ಸಲಾಡು, ಎಂಥ ಸಿಹಿ ಎಂದು ಮಾತ್ರ ಅವಳು ಯಾವತ್ತೂ ಹೇಳಿದವಳಲ್ಲ. ಒಬ್ಬ ಹೆಂಗಸಿಗೆ ಇಂಥದ್ದೇ ಸಲಾಡು ಮಾಡಿಕೊಂಡು ಬಾ ಎನ್ನುವುದೆಂದರೆ ನಿನಗೆ ಅಡುಗೆ ಬರುವುದಿಲ್ಲ ಎಂದು ಮುಖದ ಮೇಲೆ ಹೇಳಿದ ಹಾಗೆ. ಬಂದದ್ದನ್ನು ಮೇಜಿನ ಮೇಲಿಡಬೇಕು, ಒಂದು ಚಮಚವಾದರೂ ಬಡಿಸಿಕೊಳ್ಳಬೇಕು, ಬಾಯಿಗೆ ಸೇರದಿದ್ದರೆ ‘ವಿಶೇಷವಾಗಿದೆ’ ಎನ್ನಬೇಕು. ಅವಳ ತಾಯಿ ಹಾಗೆ ನಡೆದುಕೊಂಡವಳು, ಇವಳೂ ಹಾಗೆಯೇ.

ಮೊಮ್ಮಗಳು ಬ್ರಿಟಾಳ ಹೈಸ್ಕೂಲು ಮುಗಿಯುತ್ತ ಬಂದಿತ್ತು. ಶರತ್ಕಾಲಕ್ಕೆ ಊರಿನ ಕಾಲೇಜಿನಲ್ಲಿ ಕಟ್ಟಡದ ನಕ್ಷೆ ಬರೆಯುವುದನ್ನು ಕಲಿಯಲು ಸೇರುವವಳಿದ್ದಳು. ಅದಕ್ಕೆ ಒಳ್ಳೆಯ ಗಟ್ಟಿ ಕಂಪ್ಯೂಟರ್ ಬೇಕು. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವುದು ದುಬಾರಿ, ಬಿಡಿಭಾಗ ತಂದು ಮನೆಯಲ್ಲೇ ಜೋಡಿಸಿಕೊಂಡರೆ ಅದೇ ದುಡ್ಡಿಗೆ ಇನ್ನೂ ಒಳ್ಳೆಯದು ಬರುತ್ತದೆ ಎಂದು ಅವಳು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದಳು. ಮಿರ್ನಾಳಿಗೆ ಮಿಕ್ಕಿದ್ದೇನೂ ತಿಳಿಯಲಿಲ್ಲ. ಬಿಡಿಭಾಗ ಎಂಬ ಒಂದು ಮಾತು ಮಾತ್ರ ಚೆನ್ನಾಗಿ ತಲೆಗೆ ಹತ್ತಿತು.

“ಅಂದ್ರೆ ನೀನು ಪಾಸಾಗಿದ್ದಕ್ಕೆ ಕೊಡೋ ಉಡುಗೊರೇನ ತಲೆಗೊಂದು ಹಂಚಬಹುದು,” ಎಂದಳು.

“ಅಜ್ಜಿ, ಅದು ಹಾಗಲ್ಲ. ಒಂದಕ್ಕೊಂದು ಹೊಂದ್ಕೋಬೇಕು. ನಾನು ಯಾವ್ಯಾವ್ದು ಅಂತ ಬರ್ದು ಕೊಡ್ತೀನಿ, ಅದನ್ನೇ ಹೇಳು.”

“ಹೇಳ್ತೀನಿ ಬಿಡು.”

“ಕಂಪನಿ ಹೆಸ್ರು, ನಂಬರು ಎಲ್ಲ ಹೇಳ್ಬೇಕು.”

“ನಿನಗಿಂತ ಮುಂಚೆಯಿಂದ ಈ ಕೆಲ್ಸ ಮಾಡ್ತಿದೀನಿ ಕಣೇ.”

ಬ್ರಿಟಾ ಬರೆದುಕೊಟ್ಟಳು. ಮಿರ್ನಾ ಫೋನ್ ಹಿಡಿದು ಕೂತಳು. ಹಿರಿಯ ಮಗಳು ಕಾರ್ಲಾಳಿಗೆ ಮದರ್‌ಬೋರ್ಡ್, ಕಿರಿಯವಳು ಜೋನಿಗೆ ಪ್ರೊಸೆಸರ್, ಎದುರುಮನೆಯ ಡಾರಿಸ್‌ಗೆ ಮೆಮೊರಿ, ತಂಗಿಯ ಮಕ್ಕಳಿಗೆ ಫ್ಯಾನು. ಇದೆಲ್ಲ ಒಳಗೆ ಕೂರುವ ಪೆಟ್ಟಿಗೆ, ಕ್ಯಾಬಿನೆಟ್ಟು, ತನ್ನದು. ಕಂಪನಿ ಹೆಸರು, ನಂಬರು? ಡಾರಿಸ್‌ಗೆ ಇಂಥದ್ದೇ ತಾ ಎನ್ನಲು ಅವಳ ನಾಲಗೆ ಹೊರಳಲಿಲ್ಲ. ಡಾರಿಸ್‌ಗೆ ಹೇಳದ್ದನ್ನು ಹೆತ್ತ ಮಕ್ಕಳಿಗೆ ಹೇಳುವುದೂ ಸರಿ ಕಾಣಲಿಲ್ಲ. ಗ್ರಾಫಿಕ್ಸ್ ಕಾರ್ಡನ್ನೂ ಮಿಕ್ಕ ಚಿಲ್ಲರೆ ಸಾಮಾನನ್ನೂ ಬ್ರಿಟಾ ಐಸ್‌ಕ್ರೀಮ್ ಅಂಗಡಿಯಲ್ಲಿ ದುಡಿದ ದುಡ್ಡಿನಲ್ಲಿ ತಾನೇ ಕೊಳ್ಳುತ್ತೇನೆಂದು ಹಠ ಹಿಡಿದಿದ್ದಳು. ಅಷ್ಟು ಮಾತ್ರ ಸರಿಯಾದದ್ದು ಬರುವ ಭರವಸೆಯಿತ್ತು ಎನ್ನಿ.

ಬೇರೆ ಮನೆಯಾಗಿದ್ದರೆ ಅಕ್ಕತಂಗಿಯರು ‘ನೀನು ಯಾವುದು ತರ್ತೀಯ’ ಎಂದು ತಮ್ಮತಮ್ಮಲ್ಲೇ ಕೇಳಿಕೊಳ್ಳುತ್ತಿದ್ದರು. ಈ ಮನೆಯಲ್ಲಿ ಅದು ಆಗುವಂತಿರಲಿಲ್ಲ. ಕೆಳಗಡೆ ಮಿರ್ನಾ, ಕಾರ್ಲಾ ಮತ್ತು ಕಾರ್ಲಾಳ ಮಗಳು ಬ್ರಿಟಾ. ಮಹಡಿಯ ಮೇಲೆ ಜೋನಿ. ಅಡುಗೆಮನೆ ಎಲ್ಲರಿಗೂ ಒಂದೇ, ಕೆಳಗಿನದು. ಆದರೂ ಅಕ್ಕತಂಗಿಯರು ಮಾತಾಡದೆ ಮೂರು ವರ್ಷವಾಗಿತ್ತು. ಕಾರ್ಲಾ ದಂತವೈದ್ಯರ ಕ್ಲಿನಿಕ್ಕಿನಿಂದ ಬಂದವಳು ಐದೂವರೆಗೆ ಉಂಡು ಏಳುವಳು. ಜೋನಿ ಊರ ಬಸ್ ಓಡಿಸುವವಳು, ಬಸ್ಸನ್ನು ಡಿಪೋಗೆ ಬಿಟ್ಟು ಬಂದು ಅಕ್ಕ ಉಂಡು ತಟ್ಟೆ ತೊಳೆದಿಟ್ಟ ಮೇಲೆ ಕೆಳಗಿಳಿಯುವಳು. ಮಿರ್ನಾ ಎರಡು ಪಂಕ್ತಿಯಲ್ಲೂ ಕೂತು, ಎರಡರಲ್ಲೂ ಅರ್ಧರ್ಧ ಊಟ ಮಾಡುವಳು.

ಜಗಳ ಹುಟ್ಟಿದ್ದು ಎಲ್ಡನ್‌ನ ಮೀನುಗುಡಿಸಲಿನಿಂದ. ಎಲ್ಡನ್ ಮಿರ್ನಾಳ ಗಂಡ, ತೀರಿಹೋಗಿ ನಾಲ್ಕು ವರ್ಷ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ಎಳೆದುಕೊಂಡು ಹೋಗಿ, ಒಳಗೆ ಒಲೆ ಹಚ್ಚಿ, ಮಂಜುಗಡ್ಡೆಗೆ ತೂತು ಕೊರೆದು ಮೀನು ಹಿಡಿಯಲು ಅವನೇ ಹಲಗೆ ಕೂಡಿಸಿ ಕಟ್ಟಿದ್ದ ಗುಡಿಸಲು ಅದು. ಜೋನಿ ಚಿಕ್ಕವಳಿದ್ದಾಗಿನಿಂದ ಅಪ್ಪನ ಜೊತೆ ಅದರೊಳಗೆ ಕೂತವಳು. ಎಲ್ಡನ್ ಹೋದ ಮರುವರ್ಷ ಮನೆಯ ಸೂರು ಸೋರತೊಡಗಿತು. ಹಿತ್ತಿಲಲ್ಲಿ ತಳ ಕೊಳೆಯುತ್ತಿದ್ದ ಗುಡಿಸಲನ್ನು ಕಾರ್ಲಾ ಒಂದು ಬೇಸಿಗೆ, ಜೋನಿ ಕೆಲಸಕ್ಕೆ ಹೋಗಿದ್ದಾಗ, ಯಾರೋ ಗಿರಾಕಿಗೆ ಮಾರಿ ಆ ದುಡ್ಡನ್ನು ಸೂರಿಗೆ ಹಾಕಿದಳು. ಸಂಜೆ ಬಂದ ಜೋನಿ ಹಿತ್ತಿಲಲ್ಲಿ ಹುಲ್ಲು ಸತ್ತ ಚೌಕವನ್ನು ನೋಡಿ ನಿಂತಳು. ಅವತ್ತು ಬಾಯಿಗೆ ಬಂದದ್ದೆಲ್ಲ ಅಂದುಕೊಂಡರು. ಮಾರನೆಯ ದಿನದಿಂದ ಒಂದು ಮಾತೂ ಇಲ್ಲ.

ಸಾಯುವುದಕ್ಕೆ ಮುಂಚೆ ಇವರಿಬ್ಬರನ್ನೂ ಒಂದೇ ಹೊತ್ತಿಗೆ ಒಂದೇ ಮೇಜಿಗೆ ಕೂರಿಸಿ ಬಡಿಸಬೇಕು ಎನ್ನುವುದೊಂದೇ ಮಿರ್ನಾಳ ಆಸೆ. ಪಾದ್ರಿಯ ಕೈಯಲ್ಲಿ ಹೇಳಿಸಿ ನೋಡಿದ್ದಳು. ಅತ್ತು ನೋಡಿದ್ದಳು. ಒಮ್ಮೆ ಎದೆನೋವೆಂದು ಸುಳ್ಳು ಹೇಳಿಯೂ ನೋಡಿದ್ದಳು. ಇಬ್ಬರೂ ಓಡಿ ಬಂದು ಮಂಚದ ಎರಡು ಕಡೆ ನಿಂತು, ಅವಳ ಮುಖ ನೋಡಿಕೊಂಡೇ ಮಾತಾಡಿ ಹೋದರು.

ಜೂನ್ ಮೊದಲ ಶನಿವಾರ ಬ್ರಿಟಾ ಪಾಸಾದ ಸಂಭ್ರಮ. ಗ್ಯಾರೇಜು ಗುಡಿಸಿ ಉದ್ದನೆಯ ಮೇಜು ಹಾಕಿದರು. ಹ್ಯಾಮ್ ಇಟ್ಟ ಬನ್ನು, ಓವನ್ನಿನಲ್ಲಿ ಬೆಂದ ಆಲೂಗಡ್ಡೆ-ಮಾಂಸ, ಮೂರು ಬಣ್ಣದ ಜೆಲ್ಲಿ. ಸರೋವರದ ಕಡೆಯ ಗಾಳಿಗೆ ಜೂನ್ ತಿಂಗಳಲ್ಲೂ ಬಂದವರೆಲ್ಲ ಜಾಕೆಟ್ಟು ಹಾಕಿಕೊಂಡೇ ತಿಂದರು. ಕಾರ್ಲಾ ಮೇಜಿನ ಆ ತುದಿಯಲ್ಲಿ ಕಾಫಿ ಹಾಕಿದಳು, ಜೋನಿ ಈ ತುದಿಯಲ್ಲಿ ಕೇಕ್ ಕೊಯ್ದಳು.

ನೆಂಟರೆಲ್ಲ ಹೋದ ಮೇಲೆ ಬ್ರಿಟಾ ನೆಲದ ಮೇಲೆ ಕೂತು ಪೊಟ್ಟಣ ಬಿಚ್ಚಿದಳು. ಮೊದಲು ಬಂದದ್ದು ಫ್ಯಾನು. ಆಮೇಲೂ ಫ್ಯಾನು. ಮತ್ತೂ ಫ್ಯಾನು. ಅಗ್ಗದ ಸಾಮಾನೆಂದು ತಂಗಿಯ ಮಕ್ಕಳೆಲ್ಲ ಅದನ್ನೇ ತಂದಿದ್ದರು, ಬರಲಾಗದ ಮಿರ್ನಾಳ ಭಾವನೂ ಒಂದು ಕಳಿಸಿದ್ದ.

“ಕಂಪ್ಯೂಟರ್ ಹಾರ್ಕೊಂಡು ಹೋಗತ್ತೆ ಅಜ್ಜಿ,” ಎಂದು ಬ್ರಿಟಾ ನಕ್ಕಳು.

ಡಾರಿಸ್ ತಂದ ಮೆಮೊರಿ ಸರಿಯಾಗಿತ್ತು. ಮಿರ್ನಾಳ ಕ್ಯಾಬಿನೆಟ್ಟು ಬೆಳ್ಳಗೆ, ಹೊಲಿಗೆ ಮೆಷಿನ್ನಿನ ಪಕ್ಕ ಚಂದ ಕಾಣುವಂತಿತ್ತು. ದೇವರ ದಯೆಯಿಂದ ಒಳಗೆ ಜಾಗವೂ ಸಾಕಷ್ಟಿತ್ತು. ಆಮೇಲೆ ಕಾರ್ಲಾಳ ಡಬ್ಬಿ ಬಿಚ್ಚಿದಳು, ಜೋನಿಯ ಡಬ್ಬಿಯನ್ನೂ ತೆಗೆದು ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಮೇಲಿನ ಬರಹವನ್ನು ಎರಡೆರಡು ಸಲ ಓದಿದಳು.

“ಏನಾಯ್ತು ಪುಟ್ಟಾ?” ಎಂದಳು ಮಿರ್ನಾ.

“ಏನಿಲ್ಲ. ವಿಶೇಷವಾಗಿದೆ.”

ಆ ಮಾತಿನ ಅರ್ಥ ಮಿರ್ನಾಳಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರು?

“ಅಮ್ಮ ತಂದಿರೋ ಬೋರ್ಡು ನೀಲಿ ಕಂಪನಿಯವ್ರ ಪ್ರೊಸೆಸರಿಗೆ. ಚಿಕ್ಕಮ್ಮ ತಂದಿರೋ ಪ್ರೊಸೆಸರು ಕೆಂಪು ಕಂಪನಿದು. ಒಂದರಲ್ಲಿ ಇನ್ನೊಂದು ಕೂರಲ್ಲ. ಎರಡೂ ಒಳ್ಳೇವೇ. ಜೊತೆಗೆ ಆಗಲ್ಲ ಅಷ್ಟೇ.”

“ಸ್ವಲ್ಪ ಒತ್ತಿದ್ರೆ?”

“ಅಜ್ಜಿ!”

ಕಾರ್ಲಾ ಪೇಪರ್ ತಟ್ಟೆ ಜೋಡಿಸುವುದನ್ನು ನಿಲ್ಲಿಸಲಿಲ್ಲ. “ಅಂಗಡೀಲಿ ಬದಲಾಯಿಸಿ ಕೊಡ್ತಾರೆ. ನಿನ್ನ ಚಿಕ್ಕಮ್ಮಂಗೆ ಹೇಳು, ಕೆಂಪು ಕೊಟ್ಟು ನೀಲಿ ತಗೋಬೇಕಂತೆ ಅಂತ.”

ಜೋನಿ ಮೂರು ಮಾರು ದೂರದಲ್ಲಿದ್ದಳು. “ಬ್ರಿಟಾ, ನಿಮ್ಮಮ್ಮಂಗೆ ಹೇಳು, ಬೋರ್ಡನ್ನೂ ಬದಲಾಯಿಸಿ ಕೊಡ್ತಾರೆ ಅಂತ.”

“ನಾನು ವಿಚಾರಿಸಿ ತಂದಿದ್ದು ಅಂತ ಹೇಳು.”

“ನಾನೇನು ಕಣ್ಣು ಮುಚ್ಕೊಂಡು ತಂದ್ನಾ, ಕೇಳು.”

“ಕೇಳದೆ ಮಾಡೋದು ನನ್ನ ಕೆಲ್ಸ ಅಂತಾಳಲ್ಲ, ಈಗ ಅವಳು ನನ್ನ ಕೇಳಿ ತಂದ್ಳಂತಾ?” ಎಂದಳು ಕಾರ್ಲಾ.

“ಅದನ್ನ ಅವಳ ಬಾಯಲ್ಲೇ ಹೇಳ್ಕೊಂಡ್ಳಲ್ಲ, ಸಾಕು.”

ಬ್ರಿಟಾ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಕತ್ತು ತಿರುಗಿಸಿ, ಕೊನೆಗೆ ಜೆಲ್ಲಿಯ ಬಟ್ಟಲು ತೆಗೆದುಕೊಂಡು ಒಳಗೆ ಹೋದಳು. ಅಕ್ಕತಂಗಿಯರು ತಾವು ತಂದ ಡಬ್ಬಿಗಳನ್ನು ತಾವೇ ಎತ್ತಿಕೊಂಡರು. ಒಂದು ಕೆಳಗಿನ ಬೀರು ಸೇರಿತು, ಇನ್ನೊಂದು ಮಹಡಿ ಹತ್ತಿತು.

ಅಲ್ಲಿಂದ ವಾರಗಟ್ಟಲೆ ಹಾಗೇ. ಬಿಳೀ ಕ್ಯಾಬಿನೆಟ್ಟು ಊಟದ ಮೇಜಿನ ಒಂದು ತುದಿಯಲ್ಲಿ ಖಾಲಿ ಹೊಟ್ಟೆಯಲ್ಲಿ ಕೂತಿತ್ತು, ಫ್ಯಾನುಗಳು ಅದರ ತಲೆಯ ಮೇಲೆ. ಮಿರ್ನಾ ಅದನ್ನು ದಿನಾ ಒರೆಸುವಳು. ಐದೂವರೆಗೆ ಕಾರ್ಲಾಳಿಗೆ ಮಾಂಸದ ಉಂಡೆ ಬಡಿಸುತ್ತ, “ನೀನು ದೊಡ್ಡೋಳು ಕಣೇ, ನೀನೇ ಬಗ್ಗಿದ್ರೆ ಏನಾಗತ್ತೆ?” ಎನ್ನುವಳು.

“ದೊಡ್ಡೋಳಾಗಿದ್ದಕ್ಕೇ ಸೂರು ಹಾಕಿಸ್ದೆ. ಅದಕ್ಕೆ ಸಿಕ್ಕಿದ ಮರ್ಯಾದೆ ಗೊತ್ತಲ್ಲ.”

ಏಳಕ್ಕೆ ಜೋನಿಗೆ ಅದೇ ಉಂಡೆ ಬಿಸಿ ಮಾಡಿಕೊಡುತ್ತ, “ನೀನು ಚಿಕ್ಕೋಳು, ಸೋತ್ರೆ ತಪ್ಪಿಲ್ಲ,” ಎನ್ನುವಳು.

“ಅಮ್ಮಾ, ನಾನು ನಲವತ್ತಾರರ ಚಿಕ್ಕೋಳು. ಉಪ್ಪು ಕೊಡು.”

ತಾನೇ ಇನ್ನೊಂದು ಬೋರ್ಡು ಕೊಂಡುಬಿಡುತ್ತೇನೆ ಎಂದಳು ಬ್ರಿಟಾ. ಮಿರ್ನಾ ಬಿಡಲಿಲ್ಲ. “ಅವಳು ತಂದಿದ್ದನ್ನ ಮೂಲೆಗೆ ಹಾಕಿ ನೀನು ಬೇರೆ ತರ್ತೀಯಾ? ನಿಮ್ಮಮ್ಮನ ಮುಖದ ಮೇಲೆ ಬಾಗಿಲು ಹಾಕಿದ ಹಾಗೆ ಆಗತ್ತೆ.” ಮೊಮ್ಮಗಳ ಕಂಪ್ಯೂಟರಿಗಿಂತ ಹೆಚ್ಚಿನದೇನೋ ಆ ಎರಡು ಡಬ್ಬಿಗಳಲ್ಲಿ ಸಿಕ್ಕಿಕೊಂಡಿದೆ ಎಂದು ಅವಳಿಗೆ ಆಗಲೇ ಅನಿಸತೊಡಗಿತ್ತು.

ಜುಲೈ ತಿಂಗಳ ಒಂದು ಸಂಜೆ ಬ್ರಿಟಾ ಒಗೆದ ಬಟ್ಟೆ ಮಡಿಸುತ್ತಿದ್ದಾಗ ಕಟ್ಟೆ ಒಡೆಯಿತು. ಜೋನಿ ತನ್ನ ಸಮವಸ್ತ್ರಕ್ಕಾಗಿ ಕೆಳಗೆ ಬಂದಿದ್ದಳು. ಕಾರ್ಲಾ ಇಸ್ತ್ರಿ ಮಾಡುತ್ತಿದ್ದಳು. ಒಬ್ಬಳು, “ಬ್ರಿಟಾ, ನನ್ನ ಅಂಗಿ ಎಲ್ಲಿದೆ ಅಂತ ಕೇಳು,” ಎಂದಳು. ಇನ್ನೊಬ್ಬಳು, “ಬುಟ್ಟೀಲಿದೆ ಅಂತ ಹೇಳು,” ಎಂದಳು.

ಬ್ರಿಟಾ ಕೈಯಲ್ಲಿದ್ದ ಟವೆಲನ್ನು ನೆಲಕ್ಕೆ ಬಿಸುಟಳು.

“ಬುಟ್ಟಿ ನಿನ್ನ ಕಾಲ ಹತ್ರಾನೇ ಇದೆ ಚಿಕ್ಕಮ್ಮಾ! ಅಮ್ಮಾನೂ ನಿನ್ನ ಪಕ್ಕದಲ್ಲೇ ಇದಾಳೆ! ನಾನೇನು ನಿಮ್ಮಿಬ್ಬರ ಮಧ್ಯೆ ಎಳೆದಿರೋ ವೈರಾ? ಹದಿನೈದನೇ ವಯಸ್ಸಿಂದ ‘ಹೇಳು, ಕೇಳು, ಹೇಳು, ಕೇಳು.’ ಪಾಸಾಗಿದ್ದಕ್ಕೆ ಒಂದು ಕಂಪ್ಯೂಟರ್ ಕೊಡ್ತೀವಿ ಅಂದ್ರಿ, ಅದೂ ನಿಮ್ಮ ಜಗಳದ ಹೊಟ್ಟೆಗೆ ಹೋಯ್ತು. ಬೇಡ ನಂಗೆ. ಗೆಳತಿ ಜೊತೆ ರೂಮು ನೋಡಿದೀನಿ. ಕ್ಲಾಸು ಶುರುವಾಗೋ ಮುಂಚೆ ಹೋಗ್ತೀನಿ.”

“ಇಲ್ಲೇ ಗುಡ್ಡದ ಮೇಲೆ ಕಾಲೇಜು, ರೂಮು ಯಾಕೆ?” ಎಂದಳು ಕಾರ್ಲಾ.

“ಅಲ್ಲಿ ಎಲ್ಲರೂ ಒಟ್ಟಿಗೆ ಊಟ ಮಾಡ್ತಾರೆ,” ಎಂದು ಬ್ರಿಟಾ ಬಾಗಿಲು ಹಾಕಿಕೊಂಡಳು.

ಇಸ್ತ್ರಿಯ ಪೆಟ್ಟಿಗೆಯಿಂದ ಸುಟ್ಟ ವಾಸನೆ ಬಂತು. ಜೋನಿ ತಾನೇ ಬಗ್ಗಿ ಅಂಗಿ ತೆಗೆದುಕೊಂಡು ಮೇಲೆ ಹೋದಳು. ಆ ರಾತ್ರಿಯ ಎರಡು ಊಟದಲ್ಲೂ ಯಾರೂ ಎರಡನೇ ಸಲ ಬಡಿಸಿಕೊಳ್ಳಲಿಲ್ಲ. ಮಿರ್ನಾಳಿಗೆ ನಿಜವಾಗಿಯೂ ಭಯವಾಯಿತು. ಈ ಹುಡುಗಿ ಹೋದರೆ ಈ ಮನೆಯಲ್ಲಿ ಇವರಿಬ್ಬರ ಮಾತು ಆ ಕಡೆಯಿಂದ ಈ ಕಡೆಗೆ ತರುವವರು ಕೂಡ ಇರುವುದಿಲ್ಲ.

ಗುರುವಾರ ಕಾರ್ಲಾ ಬೇಗ ಬಂದಳು. ಅವಳ ಕೈಯಲ್ಲಿ ಚೀಲವಿತ್ತು. ಹಿಂದೆ ಮುಂದೆ ನೋಡಿ ಅಡುಗೆಮನೆಗೆ ಬಂದಳು.

“ಅಮ್ಮ, ಬೋರ್ಡು ಬದಲಾಯಿಸ್ಕೊಂಡು ಬಂದೆ. ಕೆಂಪು ಕಂಪನಿಯ ಪ್ರೊಸೆಸರ್ ಕೂರೋದು ತಗೊಂಡೆ. ಅವಳ ಪ್ರೊಸೆಸರಿಗೆ ಸರಿಹೋಗತ್ತೆ.”

ಮಿರ್ನಾ ಆಲೂಗಡ್ಡೆ ಸುಲಿಯುತ್ತಿದ್ದ ಚಾಕು ಕೆಳಗಿಟ್ಟಳು. “ನನ್ನ ಬಂಗಾರ.”

“ಅವಳಿಗೆ ಹೇಳ್ಬೇಡ. ಯಾರಿಗೂ ಹೇಳ್ಬೇಡ. ಭಾನುವಾರ ಎಲ್ಲರೂ ಮನೇಲಿರ್ತೀವಲ್ಲ, ಆಗ ಜೋಡಿಸುವಾಗ ಗೊತ್ತಾದ್ರೆ ಆಗ್ಲಿ. ನಾನು ಸೋತೆ ಅಂತ ಮೂರು ದಿನ ಮುಂಚೆ ಡಂಗುರ ಹೊಡೀಬೇಕಾಗಿಲ್ಲ.”

“ಹೇಳಲ್ಲ.”

“ಆಣೆ?”

“ಆಣೆ ಕಣೇ.”

ಮಾರನೆಯ ದಿನ ಏಳಕ್ಕೆ ಜೋನಿ ಊಟಕ್ಕೆ ಬಂದಳು. ಅವಳಿಗಿಷ್ಟದ ಕಾಡಕ್ಕಿಯ ಸೂಪು ಮಾಡಿದ್ದರೂ ಚಮಚ ಆಡಿಸುತ್ತ ಕೂತಳು. ಅವಳು ಅಪ್ಪನ ಮಗಳು, ಮನಸ್ಸಿನಲ್ಲಿ ಏನಾದರೂ ಇದ್ದರೆ ಮೊದಲು ಹಸಿವು ಸಾಯುತ್ತದೆ.

“ಅಮ್ಮ, ನಾಳೆ ನಂಗೆ ರಜ.”

“ಹೂಂ.”

“ಅಂಗಡಿಗೆ ಹೋಗಿ ಆ ಪ್ರೊಸೆಸರ್ ಕೊಟ್ಟು ನೀಲಿದು ತಂದ್ಬಿಡ್ತೀನಿ. ಬದಲಾಯಿಸೋಕೆ ನಾಳೆಯೇ ಕೊನೇ ದಿನ. ಆ ಮಗು ಮನೆ ಬಿಟ್ಟು ಹೋಗೋ ಹಾಗೆ ಮಾಡೋದು ಬೇಡ. ನಿನ್ನ ದೊಡ್ಡ ಮಗಳಿಗೆ ಮಾತ್ರ ಹೇಳ್ಬೇಡ. ಅವಳು ಗೆದ್ದೆ ಅಂತ ಬೀಗೋದನ್ನ ಮೊದಲೇ ನೋಡೋ ಶಕ್ತಿ ನಂಗಿಲ್ಲ.”

ಮಿರ್ನಾ ಬಾಯಿ ತೆರೆದಳು. ಒಂದೇ ಮಾತು ಸಾಕಿತ್ತು. ‘ಹೋಗ್ಬೇಡ, ಅವಳು ಆಗಲೇ ತಂದಾಗಿದೆ’ ಎಂದರೆ ಕಂಪ್ಯೂಟರು ಭಾನುವಾರವೇ ಎದ್ದು ಕೂರುತ್ತಿತ್ತು. ಕಂಪ್ಯೂಟರಿನ ವಿದ್ಯೆ ಅವಳಿಗೆ ಬಾರದಿದ್ದರೂ ನೀಲಿಗೆ ನೀಲಿ, ಕೆಂಪಿಗೆ ಕೆಂಪು ಎನ್ನುವಷ್ಟು ಲೆಕ್ಕ ಬರುತ್ತಿತ್ತು. ಆದರೆ ಹಾಗೆಂದರೆ ಅಕ್ಕ ಸೋತಳು, ತಂಗಿ ಗೆದ್ದಳು ಎಂದಾಗುತ್ತದೆ. ತಂಗಿ ಬಗ್ಗಲು ಹೊರಟಿದ್ದಳು ಎನ್ನುವುದನ್ನು ಅಕ್ಕ ಯಾವ ಕಾಲಕ್ಕೂ ನಂಬುವುದಿಲ್ಲ. ಮಿರ್ನಾ ಬಾಯಿ ಮುಚ್ಚಿದಳು. ಆಣೆ ಬೇರೆ ಇಟ್ಟಿದ್ದಳು. ಆದರೆ ಸುಮ್ಮನಾದದ್ದು ಆಣೆಗಾಗಿ ಅಲ್ಲ ಎಂದು ಅವಳಿಗೂ ಗೊತ್ತಿತ್ತು.

“ಹೋಗಿ ಬಾ,” ಎಂದಳು. “ಸೂಪು ಕುಡಿ, ಆರಿಹೋಗತ್ತೆ.”

ಶನಿವಾರ ಇಡೀ ದಿನ ಬ್ರಿಟಾ ಹಳೆಯ ಪುಸ್ತಕಗಳನ್ನು ಡಬ್ಬಕ್ಕೆ ತುಂಬುತ್ತಿದ್ದಳು. ಆ ಹುಡುಗಿಯ ಬೆನ್ನು ನೋಡಿದಾಗಲೆಲ್ಲ ಮಿರ್ನಾ, ‘ಮುದುಕಿ, ನೀನು ಮಾಡಿದ್ದು ಸರಿಯಲ್ಲ’ ಎಂದು ತನ್ನನ್ನೇ ಬೈದುಕೊಂಡಳು.

ಭಾನುವಾರ ಚರ್ಚಿನಿಂದ ಬಂದ ಮೇಲೆ ಮಿರ್ನಾ ಗಂಟಲು ಗಟ್ಟಿ ಮಾಡಿ ಎಲ್ಲರನ್ನೂ ಕೂಗಿದಳು. “ಡಬ್ಬಿ ತಗೊಂಡು ಇಬ್ರೂ ಬನ್ನಿ. ಆಗ್ಲೋ ಹೋಗ್ಲೋ ಇವತ್ತು ತೀರ್ಮಾನ ಆಗ್ಬೇಕು.” ಓವನ್ನಿನಲ್ಲಿ ಹಂದಿಮಾಂಸ ಬೇಯುತ್ತಿತ್ತು. ಬ್ರಿಟಾ ಮನಸ್ಸಿಲ್ಲದ ಮನಸ್ಸಿನಿಂದ ಬಂದು ಕೂತಳು. ಕಾರ್ಲಾ ಡಬ್ಬಿಯನ್ನು ಮುಂದೆ ತಳ್ಳಿ ಕಿಟಕಿಯ ಕಡೆ ನೋಡಿದಳು. ಜೋನಿ ತನ್ನದನ್ನು ಇಟ್ಟು ಫ್ರಿಜ್ಜಿನ ಕಡೆ ನೋಡಿದಳು. ಇಬ್ಬರ ತುಟಿಯ ಅಂಚಿನಲ್ಲೂ, ತಡೆದರೂ ನಿಲ್ಲದ ಸಣ್ಣ ಹೆಮ್ಮೆಯ ನಗು.

ಬ್ರಿಟಾ ಬೋರ್ಡಿನ ಡಬ್ಬಿ ನೋಡಿದಳು. “ಇದು... ಅಮ್ಮ, ಇದು ಕೆಂಪಿನವರದು.”

“ಹೌದು.”

“ನೀನು ಬದಲಾಯಿಸಿದ್ಯಾ!” ಅವಳ ಮುಖ ಅರಳಿತು. ಆತುರಾತುರವಾಗಿ ಇನ್ನೊಂದು ಡಬ್ಬಿಗೆ ಕೈ ಹಾಕಿದವಳು ಹಾಗೇ ನಿಂತಳು. “ಚಿಕ್ಕಮ್ಮಾ. ಇದು ನೀಲಿ.”

ಓವನ್ನಿನಲ್ಲಿ ಕೊಬ್ಬು ಚಟಚಟ ಅನ್ನುತ್ತಿತ್ತು.

“ಮತ್ತೆ ತಿರುಗಾಮುರುಗಾ,” ಎಂದಳು ಬ್ರಿಟಾ. ಅಳಬೇಕೋ ನಗಬೇಕೋ ಅವಳಿಗೆ ತಿಳಿಯಲಿಲ್ಲ. “ಮತ್ತೆ ಕೂರಲ್ಲ!”

ಕಾರ್ಲಾ ಕಿಟಕಿಯಿಂದ ಮುಖ ತಿರುಗಿಸಿದಳು. ಜೋನಿ ಫ್ರಿಜ್ಜಿನಿಂದ ತಿರುಗಿಸಿದಳು. ಮೂರು ವರ್ಷದ ಮೇಲೆ ಅವರ ಕಣ್ಣಿಗೆ ಕಣ್ಣು ಸೇರಿತು.

“ಅಕ್ಕಾ,” ಎಂದಳು ಜೋನಿ. ಆ ಮಾತು ಬಾಯಿಂದ ಬಂದದ್ದಕ್ಕೆ ಅವಳೇ ಬೆಚ್ಚಿದಳು. “ನೀನು ಯಾಕೆ ಬದಲಾಯಿಸೋಕೆ ಹೋದೆ?”

“ನೀನು ಯಾಕೆ ಹೋದೆ?”

“ನೀನು ಜನ್ಮದಲ್ಲಿ ಬಗ್ಗಲ್ಲ ಅಂತ.”

“ನೀನು ಬಗ್ಗಲ್ಲ ಅಂತ ನಾನು ಹೋದೆ ಕಣೇ, ಕತ್ತೆ.” ಕಾರ್ಲಾ ಮೇಜಿನ ಮೇಲಿದ್ದ ಫ್ಯಾನೊಂದನ್ನು ಎತ್ತಿ, ರೆಕ್ಕೆಯನ್ನು ಬೆರಳಿನಿಂದ ತಿರುಗಿಸುತ್ತ, ಅದಕ್ಕೇ ಹೇಳುವಂತೆ ಹೇಳಿದಳು, “ಆ ಗುಡಿಸಲು ಮಾರೋ ಮುಂಚೆ ನಿನ್ನನ್ನ ಕೇಳ್ಬೇಕಾಗಿತ್ತು. ಕೇಳಿದ್ರೆ ನೀನು ಬೇಡ ಅಂತೀಯ ಅಂತ ಗೊತ್ತಿತ್ತು. ಅದಕ್ಕೇ ಕೇಳ್ಲಿಲ್ಲ.”

ಜೋನಿ ಕುರ್ಚಿ ಎಳೆದು ಅಕ್ಕನ ಎದುರು ಕೂತಳು. “ಬೇಡ ಅಂತಿದ್ದೆ. ಒಂದು ದಿನ ಅಳ್ತಿದ್ದೆ. ಆಮೇಲೆ ಸೂರು ಸೋರ್ತಿದೆ ಅಂತ ನಂಗೂ ಕಾಣ್ತಿತ್ತಲ್ಲ.” ಅವಳ ಕಣ್ಣಿನಿಂದ ನೀರು ಇಳಿಯಿತು. “ಮಾರೋ ಮುಂಚೆ ಒಂದ್ಸಲ ಒಳಗೆ ಹೋಗಿ ಕೂತ್ಕೋತಿದ್ದೆ ಅಕ್ಕಾ. ಅಷ್ಟೇ ಬೇಕಿತ್ತು.”

ಕಾರ್ಲಾ ಮೇಜಿನಾಚೆ ಕೈ ಚಾಚಿ ತಂಗಿಯ ಮಣಿಕಟ್ಟು ಹಿಡಿದುಕೊಂಡಳು, ಬಿಡಲಿಲ್ಲ.

ಮಿರ್ನಾ ಒಲೆಯ ಕಡೆ ತಿರುಗಿ ಗ್ರೇವಿಗೆ ಹಿಟ್ಟು ಕದಡುವ ನೆಪದಲ್ಲಿ ಏಪ್ರನ್ನಿನಿಂದ ಮೂಗು ಒರೆಸಿಕೊಂಡಳು. ಬ್ರಿಟಾ ಬಂದು ಪಕ್ಕ ನಿಂತಳು. ಚುರುಕು ಹುಡುಗಿ, ಅಜ್ಜಿಯ ಮುಖ ಒಮ್ಮೆ ನೋಡಿದ್ದೇ ಸಾಕಾಯಿತು.

“ಅಜ್ಜಿ, ನಿಂಗೆ ಗೊತ್ತಿತ್ತು.”

“ಏನು?”

“ಇಬ್ರೂ ಬದಲಾಯಿಸಿದ್ದು. ಗೊತ್ತಿದ್ದೂ ಸುಮ್ನಿದ್ದೆ.”

“ಹೌದು.”

“ನನ್ನ ಕಂಪ್ಯೂಟರ್ ಇಟ್ಕೊಂಡು ಆಟ ಆಡಿದ್ಯಾ? ಬದಲಾಯಿಸೋ ದಿನಾನೂ ಮುಗೀತು, ಇನ್ನು ಅಂಗಡಿಯವ್ರು ವಾಪಸ್ ತಗೋತಾರೋ ಇಲ್ವೋ ಗೊತ್ತಿಲ್ಲ.”

“ತಗೊಳ್ದಿದ್ರೆ ನಾನು ಕೊಡ್ತೀನಿ ದುಡ್ಡು. ನನ್ನ ಮೇಲೆ ಸಿಟ್ಟು ಮಾಡ್ಕೋ, ನ್ಯಾಯ ನಿನ್ನ ಕಡೆನೇ ಇದೆ.” ಮಿರ್ನಾ ಚಮಚ ಬಿಟ್ಟು ಮೊಮ್ಮಗಳ ಕೆನ್ನೆ ಹಿಡಿದಳು. “ಆದ್ರೆ ಪುಟ್ಟಾ, ನಂಗೆ ನನ್ನ ಮಕ್ಕಳು ಬೇಕಾಗಿತ್ತು. ತುಂಬಾ ಬೇಕಾಗಿತ್ತು.”

ಬ್ರಿಟಾಳ ಗಂಟಿಕ್ಕಿದ ಹುಬ್ಬು ಪೂರ್ತಿ ಸಡಿಲವಾಗಲಿಲ್ಲ. ಆದರೂ ಹೋಗಿ ಡ್ರಾಯರ್ ಎಳೆದು ನಾಲ್ಕು ಜನಕ್ಕೆ ಚಾಕು, ಫೋರ್ಕು ತೆಗೆದು ಎಣಿಸಿದಳು.

ಊಟ ಮುಗಿದ ಮೇಲೆ ಅಕ್ಕತಂಗಿಯರು ಎರಡು ಡಬ್ಬಿಗಳನ್ನೂ ಎತ್ತಿಕೊಂಡು ಒಂದೇ ಕಾರಿನಲ್ಲಿ ಗುಡ್ಡದ ಮೇಲಿನ ಅಂಗಡಿಗೆ ಹೊರಟರು. ಕಾರು ರಸ್ತೆಗೆ ಇಳಿಯುವುದಕ್ಕೂ ಮುಂಚೆ ಒಳಗಿನ ಕೂಗು ಅಡುಗೆಮನೆಯ ಕಿಟಕಿಗೆ ಕೇಳಿಸಿತು. ನಂದು ವಾಪಸ್ ಕೊಡೋದು, ಅಲ್ಲ ನಂದು, ನೀನು ಯಾವಾಗ್ಲೂ ಹಿಂಗೇ, ನೀನೇನು ಕಮ್ಮಿನಾ, ಕಾರು ನಿಧಾನ ಓಡ್ಸು, ಬಸ್ ಓಡಿಸೋಳಿಗೆ ಹೇಳ್ಕೊಡ್ತೀಯಾ.

“ಅಯ್ಯೋ ಅಜ್ಜಿ, ಮತ್ತೆ ಜಗಳ ಶುರುವಾಯ್ತು,” ಎಂದಳು ಬ್ರಿಟಾ.

“ಒಬ್ಬರಿಗೊಬ್ಬರು ಆಡ್ತಿದಾರಾ, ನಿನ್ನ ಕೈಲಿ ಹೇಳಿಸ್ತಿದಾರಾ?”

“ಒಬ್ಬರಿಗೊಬ್ಬರೇ.”

“ಹಾಗಾದ್ರೆ ಆಡ್ಲಿ ಬಿಡು,” ಎಂದು ಮಿರ್ನಾ ಕಿಟಕಿಯನ್ನು ಇನ್ನೂ ಸ್ವಲ್ಪ ತೆರೆದಳು.